ನಾರು, ಔಡಲೆಣ್ಣೆ ಮತ್ತು ಫೋಮ್: ಕೊಪ್ಪಳ ಜಿಲ್ಲೆಯ ಉದ್ಯಮಿಗೆ ತೇವಾಂಶದ ಲೆಕ್ಕ

ಗಂಗಾವತಿ ಭಾಗದ ಅಕ್ಕಿ ಗಿರಣಿಯಲ್ಲಿ 100 ಟನ್ ಭತ್ತ ಅರೆದರೆ ಸುಮಾರು 20 ಟನ್ ಹೊಟ್ಟು ಉಳಿಯುತ್ತದೆ. ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಮಳೆಯಾಶ್ರಿತ ಹೊಲಗಳ ಬದುಗಳಲ್ಲಿ ಔಡಲ ಮತ್ತು ಪುಂಡಿ ಬೆಳೆಯುವ ರೂಢಿ ಹಳೆಯದು. ಆನೆಗೊಂದಿಯಲ್ಲಿ ಬಾಳೆಯ ನಾರಿನಿಂದ ಚೀಲ, ಬುಟ್ಟಿಗಳು ತಯಾರಾಗುತ್ತವೆ. ಸಸ್ಯದ ಎಣ್ಣೆಯಿಂದ ಪಾಲಿಯುರೆಥೇನ್ ಫೋಮ್ ತಯಾರಿಸಿ, ಅದಕ್ಕೆ ನೈಸರ್ಗಿಕ ನಾರು ಬೆರೆಸಿ ಗಟ್ಟಿಗೊಳಿಸುವ ತಂತ್ರವು ಈ ಎಲ್ಲ ವಸ್ತುಗಳಿಗೂ ಒಂದೇ ಸೂರಿನಡಿ ಬೆಲೆ ತರಬಲ್ಲದೆಂಬ ವಿಚಾರ ಸಹಜವಾಗಿಯೇ ಆಕರ್ಷಕವಾಗಿದೆ. ಕೃಷಿಯ ಉಳಿಕೆಗೆ ಮಾರುಕಟ್ಟೆ, ಯುವಕರಿಗೆ ಉದ್ಯೋಗ, ಪೆಟ್ರೋಲಿಯಂ ಮೇಲಿನ ಅವಲಂಬನೆಯಲ್ಲಿ ಇಳಿಕೆ ಎಂಬ ಮೂರು ಲಾಭಗಳು ಯೋಜನಾ ವರದಿಯ ಮೊದಲ ಪುಟದಲ್ಲಿಯೇ ಶೋಭಿಸುತ್ತವೆ.

ಆದರೆ ಬ್ಯಾಂಕು ಸಾಲ ನೀಡುವುದು ಮೊದಲ ಪುಟವನ್ನು ನೋಡಿ ಅಲ್ಲ. ಅಡಮಾನವಾಗಿ ಹೊಲ ಅಥವಾ ಮನೆಯನ್ನು ಇಡುವ ಸಣ್ಣ ಉದ್ಯಮಿಗೆ ಈ ತಂತ್ರದ ಯಾವ ಭಾಗ ಜಿಲ್ಲೆಯಲ್ಲಿ ಲಾಭದಾಯಕ, ಯಾವ ಭಾಗ ಹೊರಗಿನವರಿಗೆ ಬಿಟ್ಟುಕೊಡತಕ್ಕದ್ದು ಎಂಬುದು ಮೊದಲೇ ತಿಳಿದಿರಬೇಕು. ರಸಾಯನಶಾಸ್ತ್ರವನ್ನೂ ಲೆಕ್ಕಶಾಸ್ತ್ರವನ್ನೂ ಒಟ್ಟಿಗಿಟ್ಟು ನೋಡಿದಾಗ ಉತ್ತರ ಸಾಕಷ್ಟು ಸ್ಪಷ್ಟವಾಗಿಯೇ ದೊರೆಯುತ್ತದೆ. ಜಿಲ್ಲೆಯ ನಿಜವಾದ ಬಲ ಇರುವುದು ಫೋಮ್ ಉಬ್ಬಿಸುವ ಯಂತ್ರದಲ್ಲಿ ಅಲ್ಲ, ಒಣಗಿಸುವ ಕೈಚಳಕದಲ್ಲಿ.

ಫೋಮ್ ಆಗುವ ಬಗೆ

ಪಾಲಿಯುರೆಥೇನ್ ಎಂಬ ವಸ್ತುವನ್ನು 1937ರಲ್ಲಿ ಜರ್ಮನಿಯ ಲೆವರ್ಕುಸೆನ್ ನಗರದಲ್ಲಿ ಒಟ್ಟೊ ಬಾಯರ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. ಇದರ ಮೂಲದ್ರವ್ಯಗಳು ಮುಖ್ಯವಾಗಿ ಎರಡು. ಮೊದಲನೆಯದು ಪಾಲಿಯಾಲ್ ಎಂಬ ದಪ್ಪನೆಯ ದ್ರವ, ಎರಡನೆಯದು ಐಸೊಸಯನೇಟ್. ಎರಡನ್ನೂ ಬೆರೆಸಿದಾಗ ಅವು ಪರಸ್ಪರ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಜೊತೆಗೆ ಸ್ವಲ್ಪ ನೀರು ಸೇರಿಸಿದರೆ, ಆ ನೀರು ಐಸೊಸಯನೇಟಿನೊಡನೆ ಪ್ರತಿಕ್ರಿಯಿಸಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಬಿಡುಗಡೆ ಮಾಡುತ್ತದೆ. ಈ ಅನಿಲದ ಗುಳ್ಳೆಗಳೇ ಫೋಮಿನ ರಂಧ್ರಗಳು. ದೋಸೆಯ ಹಿಟ್ಟು ಹುದುಗಿ ಉಬ್ಬುವುದಕ್ಕೆ ಇದನ್ನು ಹೋಲಿಸಬಹುದು. ಹಿಟ್ಟು ಉಬ್ಬಲು ಇಡೀ ರಾತ್ರಿ ಬೇಕು, ಫೋಮಿಗೆ ಕೆಲವು ನಿಮಿಷ ಸಾಕು ಎಂಬುದಷ್ಟೇ ವ್ಯತ್ಯಾಸ.

ಸಾಮಾನ್ಯ ಫೋಮಿನಲ್ಲಿ ಎರಡೂ ದ್ರವ್ಯಗಳು ಪೆಟ್ರೋಲಿಯಂ ಮೂಲದವು. ಸಸ್ಯಮೂಲದ ಫೋಮಿನಲ್ಲಿ ಪಾಲಿಯಾಲಿನ ಒಂದು ಪಾಲು ಅಥವಾ ಪೂರ್ತಿ ಪಾಲು ಸೋಯಾ, ಔಡಲ ಮೊದಲಾದ ಎಣ್ಣೆಗಳಿಂದ ಬರುತ್ತದೆ. ಅಮೆರಿಕದ ಫೋರ್ಡ್ ಕಂಪನಿಯು ತನ್ನ 2008ರ ಮಾದರಿಯ ಮಸ್ಟಾಂಗ್ ಕಾರಿನ ಆಸನಗಳಲ್ಲಿ ಸೋಯಾ ಎಣ್ಣೆಯ ಪಾಲುಳ್ಳ ಫೋಮನ್ನು ಬಳಸಿ, ಮುಂದಿನ ವರ್ಷಗಳಲ್ಲಿ ಅದನ್ನು ಇತರ ವಾಹನಗಳಿಗೂ ವಿಸ್ತರಿಸಿದ್ದು ಈ ಕ್ಷೇತ್ರದ ಪ್ರಸಿದ್ಧ ಉದಾಹರಣೆ. ಅಲ್ಲಿಯೂ ಸೋಯಾ ಎಣ್ಣೆ ಪಾಲಿಯಾಲಿನ ಒಂದು ಭಾಗವನ್ನಷ್ಟೇ ಆಕ್ರಮಿಸಿತೆಂಬುದು ಗಮನಾರ್ಹ.

ಎರಡನೆಯ ದ್ರವ್ಯವಾದ ಐಸೊಸಯನೇಟ್ ಮಾತ್ರ ಈಗಲೂ ಬಹುತೇಕ ಪೆಟ್ರೋಲಿಯಂ ಮೂಲದ್ದೇ. ಮೆದು ಫೋಮಿಗೆ ಬಳಸುವ ಟಿ.ಡಿ.ಐ. ಅನ್ನು ಭಾರತದಲ್ಲಿ ಗುಜರಾತಿನ ಜಿ.ಎನ್.ಎಫ್.ಸಿ. ಸಂಸ್ಥೆ ತಯಾರಿಸುತ್ತದೆ. ಗಟ್ಟಿ ಫೋಮಿಗೆ ಬೇಕಾಗುವ ಎಂ.ಡಿ.ಐ.ಗೆ ದೇಶ ಆಮದನ್ನೇ ನೆಚ್ಚಿಕೊಂಡಿದೆ. ಆದ್ದರಿಂದ ಡಾಲರಿನ ದರ ಏರಿದರೆ ಕೊಪ್ಪಳದಲ್ಲಿ ತಯಾರಾಗುವ 'ಸಸ್ಯಮೂಲ' ಫೋಮಿನ ವೆಚ್ಚವೂ ಏರುತ್ತದೆ.

ಔಡಲದ ಬಲ ಮತ್ತು ಮಿತಿ

ಎಣ್ಣೆಗಳ ಪೈಕಿ ಔಡಲಕ್ಕೆ ವಿಶೇಷ ಸ್ಥಾನವಿದೆ. ಸೋಯಾ ಎಣ್ಣೆಯನ್ನು ಪಾಲಿಯಾಲ್ ಆಗಿಸಲು ಅದಕ್ಕೆ ರಾಸಾಯನಿಕ ಸಂಸ್ಕಾರ ಬೇಕು. ಔಡಲೆಣ್ಣೆಯಲ್ಲಾದರೋ ಶೇ. 85ಕ್ಕಿಂತ ಹೆಚ್ಚು ರಿಸಿನೋಲಿಕ್ ಆಮ್ಲವಿದ್ದು, ಐಸೊಸಯನೇಟಿನೊಡನೆ ಕೂಡಿಕೊಳ್ಳಬಲ್ಲ ಹೈಡ್ರಾಕ್ಸಿಲ್ ಗುಂಪು ಅದರಲ್ಲಿ ಹುಟ್ಟಿನಿಂದಲೇ ಇದೆ. ಹಿಂದೆ ದೀಪಕ್ಕೆ, ಬಂಡಿಯ ಅಚ್ಚಿಗೆ ಬಳಕೆಯಾಗುತ್ತಿದ್ದ ಈ ಎಣ್ಣೆ ಇಂದು ಪಾಲಿಯಾಲ್ ಉದ್ಯಮದ ಕಚ್ಚಾವಸ್ತು. ಜಯಂತ್ ಆಗ್ರೊ ಆರ್ಗಾನಿಕ್ಸ್ ಸಂಸ್ಥೆಯು ಜಪಾನಿನ ಮಿತ್ಸುಯಿ ಕೆಮಿಕಲ್ಸ್ ಮತ್ತು ಇಟೊ ಆಯಿಲ್ ಕೆಮಿಕಲ್ಸ್ ಜೊತೆಗೂಡಿ ಔಡಲ ಪಾಲಿಯಾಲ್ ತಯಾರಿಸುವ ಜಂಟಿ ಉದ್ಯಮವನ್ನೇ ಸ್ಥಾಪಿಸಿದೆ.

ಜಗತ್ತಿನ ಔಡಲದ ಬಹುಪಾಲು ಭಾರತದ್ದು. ಭಾರತದ ಔಡಲದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಗುಜರಾತಿನದು. ಕೊಪ್ಪಳ ಜಿಲ್ಲೆಯ ಉದ್ಯಮಿಗೆ ಇದು ಎರಡು ರೀತಿಯಲ್ಲಿ ಮುಖ್ಯ. ಒಂದು, ಬೆಲೆ ನಿಗದಿಯಾಗುವುದು ಗುಜರಾತಿನ ಮಾರುಕಟ್ಟೆಗಳಲ್ಲಿ. ಕುಷ್ಟಗಿಯ ರೈತನ ಬದುವಿನ ಔಡಲಕ್ಕೂ ಅಲ್ಲಿನ ದರವೇ ಅಳತೆಗೋಲು. ಎರಡು, ಆ ಬೆಲೆ ಸ್ಥಿರವಲ್ಲ. 2016ರ ಜನವರಿಯಲ್ಲಿ ಎನ್.ಸಿ.ಡಿ.ಇ.ಎಕ್ಸ್. ವಿನಿಮಯ ಕೇಂದ್ರವು ಔಡಲ ಬೀಜದ ವಾಯಿದಾ ವಹಿವಾಟನ್ನೇ ಸ್ಥಗಿತಗೊಳಿಸಬೇಕಾಗಿ ಬಂದುದನ್ನು ಎಣ್ಣೆ ವ್ಯಾಪಾರಿಗಳು ಮರೆತಿರಲಾರರು.

ತಾಂತ್ರಿಕ ಮಿತಿಯೂ ಇದೆ. ಔಡಲೆಣ್ಣೆಯ ಹೈಡ್ರಾಕ್ಸಿಲ್ ಗುಂಪು ನಿಧಾನವಾಗಿ ಪ್ರತಿಕ್ರಿಯಿಸುತ್ತದೆ. ಎಣ್ಣೆಯೊಂದನ್ನೇ ಬಳಸಿದರೆ ಫೋಮ್ ಅತ್ತ ಮೆದುವೂ ಅಲ್ಲದ ಇತ್ತ ಗಟ್ಟಿಯೂ ಅಲ್ಲದ ಸ್ಥಿತಿಗೆ ಬರುತ್ತದೆ. ಗಟ್ಟಿ ಫೋಮ್ ಬೇಕಾದರೆ ಎಣ್ಣೆಯನ್ನು ಗ್ಲಿಸರಾಲ್ ಮುಂತಾದವುಗಳೊಡನೆ ಕಾಯಿಸಿ ಮಾರ್ಪಡಿಸಬೇಕು, ಇಲ್ಲವೇ ಬೇರೆ ಪಾಲಿಯಾಲ್ ಬೆರೆಸಬೇಕು. ಇದು ಪರಿಣತ ರಾಸಾಯನಿಕ ಕಾರ್ಖಾನೆಯ ಕೆಲಸ; ಎಣ್ಣೆ ಗಾಣದ ಪಕ್ಕದ ಶೆಡ್ಡಿನ ಕೆಲಸವಲ್ಲ. ಎಣ್ಣೆ ತೆಗೆದ ಮೇಲೆ ಉಳಿಯುವ ಔಡಲದ ಹಿಂಡಿಯಲ್ಲಿ ರಿಸಿನ್ ಎಂಬ ವಿಷವಿರುವುದರಿಂದ ಅದನ್ನು ದನಗಳಿಗೆ ಹಾಕುವಂತಿಲ್ಲ. ಗೊಬ್ಬರವಾಗಿ ಮಾತ್ರ ಮಾರಬಹುದೆಂಬುದನ್ನೂ ಆದಾಯದ ಅಂದಾಜಿನಲ್ಲಿ ನೆನಪಿಡಬೇಕು.

ಜಿಲ್ಲೆಯ ನಾರಿನ ದಾಸ್ತಾನು

ಫೋಮಿಗೆ ನಾರು ಸೇರಿಸುವ ಉದ್ದೇಶ, ಕಡಿಮೆ ತೂಕದಲ್ಲಿ ಹೆಚ್ಚು ಒತ್ತಡ ತಾಳುವ ಗುಣ ತರುವುದು ಮತ್ತು ದುಬಾರಿ ರಾಸಾಯನಿಕದ ಒಂದಂಶವನ್ನು ಅಗ್ಗದ ವಸ್ತುವಿನಿಂದ ತುಂಬುವುದು. ಸಣ್ಣಗೆ ಕತ್ತರಿಸಿದ ನಾರು ಮಿತವಾಗಿದ್ದರೆ ಗುಳ್ಳೆಗಳ ಗೋಡೆಗೆ ಆಸರೆಯಾಗುತ್ತದೆ. ಮಿತಿಮೀರಿದರೆ ಮಿಶ್ರಣ ಗಂಜಿಯಂತೆ ದಪ್ಪವಾಗಿ ಅಚ್ಚಿನ ಮೂಲೆಗಳಿಗೆ ಹರಿಯುವುದಿಲ್ಲ. ಗುಳ್ಳೆಗಳು ಒಡೆದು ಫೋಮ್ ದುರ್ಬಲವಾಗುತ್ತದೆ. ಆದುದರಿಂದ ಫೋಮಿನಲ್ಲಿ ನಾರು ಎಂದಿಗೂ ಸಣ್ಣ ಪಾಲುದಾರನೇ.

ನಾರು ಮತ್ತು ಅಂಟಿನ ಮಿಶ್ರಣ ಕೊಪ್ಪಳಕ್ಕೆ ಹೊಸತಲ್ಲ. ಕಿನ್ನಾಳದ ಕುಶಲಕರ್ಮಿಗಳು ಆಟಿಕೆ, ವಿಗ್ರಹಗಳಿಗೆ ಬಳಸುವ 'ಕಿಟ್ಟ' ಎಂಬ ವಸ್ತು ಇದೇ ತತ್ತ್ವದ್ದು. ಸೆಣಬಿನ ಚಿಂದಿಯನ್ನು ನೆನೆಸಿ, ಬಿಡಿಸಿ, ಒಣಗಿಸಿ ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದರೆ ಕಿಟ್ಟ ಸಿದ್ಧವಾಗುತ್ತದೆ. ಇಲ್ಲಿಯೂ ಪುಡಿ ಮಾಡುವ ಮೊದಲು ಒಣಗಿಸುವ ಹಂತ ಇದೆ.

ಜಿಲ್ಲೆಯಲ್ಲಿ ದೊರೆಯುವ ವಸ್ತುಗಳನ್ನು ಒಂದೊಂದಾಗಿ ಪರಿಶೀಲಿಸಬಹುದು. ಭತ್ತದ ಹೊಟ್ಟು ನಾರಲ್ಲದಿದ್ದರೂ ಪುಡಿಮಾಡಿ ತುಂಬುವ ವಸ್ತುವಾಗಿ ಬಳಸಬಹುದು. ಅದನ್ನು ಸುಟ್ಟಾಗ ತೂಕದ ಸುಮಾರು ಐದನೇ ಒಂದು ಭಾಗ ಬೂದಿ ಉಳಿಯುತ್ತದೆ, ಆ ಬೂದಿಯ ಬಹುಭಾಗ ಸಿಲಿಕಾ. ಸಿಲಿಕಾ ಇರುವ ಕಾರಣ ಪುಡಿ ಮಾಡುವ ಯಂತ್ರದ ಹಲ್ಲುಗಳು ಬೇಗ ಸವೆಯುತ್ತವೆ. ಭತ್ತದ ಹುಲ್ಲಿನಲ್ಲೂ ಇದೇ ತೊಂದರೆ. ಪುಂಡಿಯ ನಾರು ಉದ್ದವಾದುದು, ಬಲವಾದುದು. ಇದರ ಜಾತಿಯ ಗಿಡದ ನಾರನ್ನೇ ಹೊರದೇಶಗಳಲ್ಲಿ ಕೆನಾಫ್ ಎಂಬ ಹೆಸರಿನಲ್ಲಿ ಕಾರಿನ ಬಾಗಿಲ ಫಲಕಗಳಿಗೆ ಬಳಸುತ್ತಾರೆ. ಆದರೆ ನಾರು ಬಿಡಿಸಲು ಕಾಂಡವನ್ನು ನೀರಿನಲ್ಲಿ ಕೊಳೆಹಾಕಬೇಕು. ಕೆರೆ ತುಂಬುವುದೇ ಅಪರೂಪವಾದ ಕುಷ್ಟಗಿ, ಯಲಬುರ್ಗಾಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಹೊಲದ ಬೇಲಿಯ ಕತ್ತಾಳೆಗೆ ಕೊಳೆಹಾಕುವ ಅಗತ್ಯ ಕಡಿಮೆ. ಹಸಿ ಎಲೆಯನ್ನೇ ಯಂತ್ರದಲ್ಲಿ ಕೆರೆದು ನಾರು ತೆಗೆಯಬಹುದು.

ಬಾಳೆಯ ನಾರಿನ ವಿಷಯ ಬೇರೆ. ಆನೆಗೊಂದಿಯಲ್ಲಿ 1997ರಲ್ಲಿ ಸ್ಥಾಪನೆಯಾದ ಕಿಷ್ಕಿಂದಾ ಟ್ರಸ್ಟ್ ಬಾಳೆ ನಾರಿನ ಕರಕುಶಲವನ್ನು ಸ್ಥಳೀಯ ಮಹಿಳೆಯರಿಗೆ ಕಲಿಸಿ ಜೀವನೋಪಾಯವಾಗಿಸಿತು. ಹೆಣೆದ ಚೀಲವಾಗಿ ಮಾರಾಟವಾಗುವ ನಾರಿಗೂ ಫೋಮಿಗೆ ಕತ್ತರಿಸಿ ಹಾಕುವ ನಾರಿಗೂ ದೊರೆಯುವ ಬೆಲೆಯಲ್ಲಿ ಅಜಗಜಾಂತರವಿದೆ. ಕೈಕಸುಬಿಗೆ ಒದಗುವ ಉತ್ತಮ ನಾರನ್ನು ಫೋಮಿಗೆ ಸುರಿಯುವುದು ಗಂಧದ ಕೊರಡನ್ನು ಒಲೆಗಿಟ್ಟಂತೆ. ಫೋಮಿಗೆ ಸಲ್ಲಬೇಕಾದುದು ಹೆಣಿಗೆಗೆ ಬಾರದ ತುಂಡು, ಚೂರುಗಳು ಮಾತ್ರ.

ಹೊಟ್ಟಿಗೂ ಇದೇ ನಿಯಮ ಅನ್ವಯಿಸುತ್ತದೆ. 'ತ್ಯಾಜ್ಯ' ಎಂದು ಯೋಜನಾ ವರದಿಯಲ್ಲಿ ಸೊನ್ನೆ ಬೆಲೆ ಹಾಕುವ ಹೊಟ್ಟನ್ನು ಗಿರಣಿಗಳು ಬಾಯ್ಲರಿಗೆ ಇಂಧನವಾಗಿ ಉರಿಸುತ್ತವೆ. ಇಂಧನವಾಗಿ ಅದಕ್ಕೆ ಸಿಗುವ ಬೆಲೆಯೇ ಫೋಮ್ ಉದ್ಯಮ ಕೊಡಬೇಕಾದ ಕನಿಷ್ಠ ಬೆಲೆ. ಪೂರೈಕೆಯೂ ನಿಶ್ಚಿತವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದ ಘಟನೆ, ಗಂಗಾವತಿಯ ಭತ್ತವೂ ಅದರ ಹೊಟ್ಟೂ ಒಂದು ಜಲಾಶಯದ ಬಾಗಿಲುಗಳನ್ನು ನೆಚ್ಚಿಕೊಂಡಿವೆ ಎಂಬುದನ್ನು ನೆನಪಿಸಿತು.

ತೇವಾಂಶದ ಲೆಕ್ಕ

ಈಗ ಇಡೀ ವ್ಯವಹಾರದ ಕೀಲಿಗೆ ಬರಬಹುದು. ಸಸ್ಯದ ನಾರು ಗಾಳಿಯಿಂದ ತೇವ ಹೀರುತ್ತದೆ. ಸೆಣಬಿನ ವ್ಯಾಪಾರದಲ್ಲಿ ಒಣ ತೂಕದ ಮೇಲೆ ಶೇ. 13.75 ಮತ್ತು ಹತ್ತಿಯಲ್ಲಿ ಶೇ. 8.5 ತೇವವನ್ನು ಸಹಜವೆಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಹಗ್ಗ ಹೊಸೆಯುವವನಿಗೆ ಈ ತೇವದಿಂದ ಹಾನಿಯಿಲ್ಲ. ಫೋಮ್ ತಯಾರಕನಿಗೆ ಮಾತ್ರ ಇದು ಗುಪ್ತ ಸಾಲಗಾರನಿದ್ದಂತೆ.

18 ಗ್ರಾಂ ನೀರು ಐಸೊಸಯನೇಟಿನ ಎರಡು ಪ್ರಮಾಣ ಗುಂಪುಗಳನ್ನು ಬಳಸಿಬಿಡುತ್ತದೆ. ಗಟ್ಟಿ ಫೋಮಿಗೆ ಬಳಸುವ ಸಾಧಾರಣ ದರ್ಜೆಯ ಎಂ.ಡಿ.ಐ.ಯಲ್ಲಿ ಒಂದು ಗುಂಪಿನ ಪಾಲಿಗೆ ಬರುವ ತೂಕ ಸುಮಾರು 135 ಗ್ರಾಂ. ಅಂದರೆ 18 ಗ್ರಾಂ ನೀರಿಗೆ 270 ಗ್ರಾಂ ಎಂ.ಡಿ.ಐ. ಖರ್ಚಾಗುತ್ತದೆ, 1 ಕಿಲೋ ನೀರಿಗೆ 15 ಕಿಲೋ. ಹೋಲಿಕೆಗೆ, 1 ಕಿಲೋ ಔಡಲೆಣ್ಣೆಗೆ ಬೇಕಾಗುವ ಎಂ.ಡಿ.ಐ. ಸುಮಾರು 390 ಗ್ರಾಂ ಮಾತ್ರ.

ಒಂದು ಮಾದರಿ ಪಾಕವನ್ನು ಲೆಕ್ಕಕ್ಕಾಗಿ ತೆಗೆದುಕೊಳ್ಳಬಹುದು. ಔಡಲೆಣ್ಣೆ 100 ಕಿಲೋ, ಉಬ್ಬಿಸಲೆಂದೇ ಹಾಕುವ ನೀರು 2 ಕಿಲೋ, ನಾರು 10 ಕಿಲೋ ಎಂದಿರಲಿ. ಎಣ್ಣೆಗೆ 39 ಕಿಲೋ, ನೀರಿಗೆ 30 ಕಿಲೋ, ಒಟ್ಟು 69 ಕಿಲೋ ಎಂ.ಡಿ.ಐ. ಬೇಕು. ನಾರಿನಲ್ಲಿ ಶೇ. 2ರಷ್ಟು ತೇವ ಉಳಿದಿದ್ದರೆ ಅದರಲ್ಲಿರುವ ನೀರು 200 ಗ್ರಾಂ. ಅದು ಪೂರ್ತಿ ಪ್ರತಿಕ್ರಿಯಿಸಿದರೆ 3 ಕಿಲೋ ಎಂ.ಡಿ.ಐ. ಹೆಚ್ಚುವರಿಯಾಗಿ ಹೋಗುತ್ತದೆ. ಅದೇ ನಾರು ಮಳೆಗಾಲದಲ್ಲಿ ಶೇ. 12ರಷ್ಟು ತೇವದಿಂದ ಬಂದರೆ ನೀರು 1.2 ಕಿಲೋ, ಅದು ನುಂಗಬಲ್ಲ ಎಂ.ಡಿ.ಐ. 18 ಕಿಲೋ. ಪಾಕದ ಒಟ್ಟು ಅಗತ್ಯದ ನಾಲ್ಕನೇ ಒಂದು ಭಾಗಕ್ಕೂ ಮಿಕ್ಕಿದ ಈ ಮೊತ್ತ ಯಾವ ಖರೀದಿ ಬಿಲ್ಲಿನಲ್ಲೂ ಕಾಣುವುದಿಲ್ಲ.

ತಯಾರಕನು ಇದನ್ನು ಗಮನಿಸದೆ ಮೊದಲಿನಷ್ಟೇ ಎಂ.ಡಿ.ಐ. ಸುರಿದರೆ ಎಣ್ಣೆಗೆ ಸಿಗಬೇಕಾದ ಪಾಲು ನೀರಿನ ಪಾಲಾಗುತ್ತದೆ. ಫೋಮ್ ಅತಿಯಾಗಿ ಉಬ್ಬಿ ಕುಸಿಯಬಹುದು, ಅಂಟಂಟಾಗಿ ಉಳಿಯಬಹುದು, ಇಲ್ಲವೇ ಬಿರುಕು ಬಿಡಬಹುದು. ಗಮನಿಸಿ ಹೆಚ್ಚು ಸುರಿದರೆ ನಾರಿನಿಂದ ಉಳಿಯಬೇಕಾದ ಹಣಕ್ಕಿಂತ ಹೆಚ್ಚು ಹಣ ರಾಸಾಯನಿಕಕ್ಕೆ ಹೋಗುತ್ತದೆ. ಬೇಸಗೆಯಲ್ಲಿ ಸರಿಯಿದ್ದ ಪಾಕ ಶ್ರಾವಣದಲ್ಲಿ ಕೆಡುವುದಕ್ಕೆ ಇದೇ ಕಾರಣ. ಆದ್ದರಿಂದ ಫೋಮ್ ತಯಾರಕನು ನಾರಿಗೆ ಬೆಲೆ ಕೊಡುವಾಗ ಕೊಳ್ಳುವುದು ನಾರನ್ನಲ್ಲ. ಒಣಗಿರುವಿಕೆಯನ್ನು, ಮತ್ತು ಆ ಒಣಗಿರುವಿಕೆ ಪ್ರತಿ ಚೀಲದಲ್ಲೂ ಒಂದೇ ರೀತಿ ಇದೆಯೆಂಬ ಭರವಸೆಯನ್ನು.

ಇಲ್ಲಿಯೇ ಗಂಗಾವತಿ, ಕಾರಟಗಿಗಳ ಗಿರಣಿ ಮಾಲೀಕರ ಅನುಭವ ಬೆಲೆಬಾಳುತ್ತದೆ. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಶೇ. 17ರ ಮಿತಿ ಇದೆ. ಚೀಲದೊಳಗೆ ಕೈ ಹಾಕಿ, ಕಾಳನ್ನು ಹಲ್ಲಿನಲ್ಲಿ ಕಚ್ಚಿ, ಮಾಪಕದಲ್ಲಿ ಅಳೆದು, ತೇವಕ್ಕೆ ತಕ್ಕಂತೆ ದರ ಕಡಿತ ಮಾಡುವ ವಿದ್ಯೆ ಇಲ್ಲಿನ ವ್ಯಾಪಾರಕ್ಕೆ ರಕ್ತಗತವಾಗಿದೆ. ಒಣಗಿಸುವ ಯಂತ್ರ, ಬಾಯ್ಲರ್, ಅದಕ್ಕೆ ಬೇಕಾದ ಹೊಟ್ಟಿನ ಇಂಧನ, ಬಿಸಿಗಾಳಿ ನಿಭಾಯಿಸಬಲ್ಲ ಕೆಲಸಗಾರರು ಎಲ್ಲವೂ ಇಲ್ಲಿಯೇ ಇದ್ದಾರೆ. ಮಿತಿಯನ್ನು ಶೇ. 17ರಿಂದ ಶೇ. 2ಕ್ಕೆ ಇಳಿಸುವುದು ಸುಲಭವಲ್ಲ. ಒಣಗಿದ ಮೇಲೆ ತೇವ ಮರಳಿ ಸೇರದಂತೆ ಒಳಹೊದಿಕೆಯ ಚೀಲದಲ್ಲಿ ಕೂಡಲೇ ಮುಚ್ಚಬೇಕು. ಆದರೂ ಇದು ಗೊತ್ತಿರುವ ಕಸುಬಿನ ಮುಂದುವರಿಕೆಯೇ ಹೊರತು ಗೊತ್ತಿಲ್ಲದ ಕಸುಬಿನ ಆರಂಭವಲ್ಲ.

ಗಾಳಿ ಸಾಗಿಸುವ ಲಾರಿ

ಜಿಲ್ಲೆಯಲ್ಲಿಯೇ ದೊಡ್ಡ ಫೋಮ್ ದಿಮ್ಮಿಗಳನ್ನು ತಯಾರಿಸಿ ಹೊರಗೆ ಮಾರುವ ಯೋಜನೆಗೆ ಸಾಗಣೆಯ ಲೆಕ್ಕ ಅಡ್ಡಿಯಾಗುತ್ತದೆ. ಒಂದು ಘನಮೀಟರಿಗೆ 30 ಕಿಲೋ ತೂಗುವ ಗಟ್ಟಿ ಫೋಮನ್ನು 40 ಘನಮೀಟರ್ ಒಡಲಿನ ಲಾರಿಗೆ ಕಂಠಮಟ್ಟ ತುಂಬಿದರೂ ಸಾಗುವ ಸರಕು 1,200 ಕಿಲೋ ಮಾತ್ರ. ಉಳಿದುದೆಲ್ಲ ಗಾಳಿ. ಬಾಡಿಗೆಯಾದರೋ ಪೂರ್ತಿ ಲಾರಿಯದು. ಪಾಲಿಯಾಲ್ ಮತ್ತು ಐಸೊಸಯನೇಟುಗಳನ್ನು ಡ್ರಮ್ಮುಗಳಲ್ಲಿ ದೂರ ಒಯ್ಯುವುದು ಅಗ್ಗ, ಉಬ್ಬಿದ ಫೋಮನ್ನು ಒಯ್ಯುವುದು ದುಬಾರಿ. ಫೋಮ್ ಕಾರ್ಖಾನೆಗಳು ದೊಡ್ಡ ಮಾರುಕಟ್ಟೆಗಳ ಸಮೀಪ ನೆಲೆಗೊಳ್ಳುವುದಕ್ಕೆ ಇದು ಮುಖ್ಯ ಕಾರಣ.

ಹಾಸಿಗೆ ವ್ಯಾಪಾರದಲ್ಲಿ ಸ್ಪರ್ಧೆಯ ಪ್ರಮಾಣವೂ ಬದಲಾಗಿದೆ. 1962ರಲ್ಲಿ ಮಣಿಪಾಲ ಸಮೂಹದಿಂದ ಆರಂಭವಾದ ಕರ್ಲಾನ್, ತೆಂಗಿನ ನಾರಿಗೆ ರಬ್ಬರ್ ಹಾಲನ್ನು ಬೆಸೆದು ಹಾಸಿಗೆ ತಯಾರಿಸಿ ಕರ್ನಾಟಕದ ಹೆಸರನ್ನು ದೇಶದೆಲ್ಲೆಡೆ ಒಯ್ದಿತು. ಸಸ್ಯದ ನಾರು ಮತ್ತು ಸಸ್ಯದ ಹಾಲು ಎರಡೂ ಕೂಡಿದ ಆ ಹಾಸಿಗೆ ಇಂದಿನ ಚರ್ಚೆಗೆ ಹಿರಿಯಣ್ಣನಂತಿದೆ. 2023ರಲ್ಲಿ ಕರ್ಲಾನಿನ ಬಹುಪಾಲು ಷೇರುಗಳನ್ನು ಶೀಲಾ ಫೋಮ್ ಸಂಸ್ಥೆ ಖರೀದಿಸಿತು. ಅಂತಹ ಹಳೆಯ ಹೆಸರೇ ದೊಡ್ಡ ಸಂಸ್ಥೆಯೊಂದರ ತೆಕ್ಕೆಗೆ ಸೇರಿರುವ ಕ್ಷೇತ್ರದಲ್ಲಿ ಹೊಸ ಹಾಸಿಗೆ ಬ್ರಾಂಡಿನೊಡನೆ ಇಳಿಯುವ ಸಣ್ಣ ಉದ್ಯಮಿ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಅಕ್ಷರಶಃ ನೆನೆಯಬೇಕು.

ಹತ್ತಿರದಲ್ಲೇ ಖರೀದಿದಾರನಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಯಲಬುರ್ಗಾ ಭಾಗದ ಭಾನಾಪುರದಲ್ಲಿ ಸುಮಾರು 400 ಎಕರೆಯ ಆಟಿಕೆ ಉತ್ಪಾದನಾ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಏಕಸ್ ಸಂಸ್ಥೆಯ ಈ ನೆಲೆಯಂತಹ ಕಡೆ ಆಟಿಕೆಗಳಷ್ಟೇ ಅಲ್ಲ, ಅವುಗಳನ್ನು ಸಾಗಿಸಲು ಅಚ್ಚಿನಲ್ಲಿ ಎರೆದ ರಕ್ಷಣಾ ದಿಂಬು, ಪೆಟ್ಟಿಗೆಯ ಒಳಹಾಸುಗಳಿಗೂ ಅವಕಾಶವಿರುತ್ತದೆ. ಆಟಿಕೆಯೊಳಗೇ ಸೇರುವ ಭಾಗವಾದರೆ ನಿಯಮ ಬಿಗಿ: 2021ರ ಜನವರಿ 1ರಿಂದ ಜಾರಿಗೆ ಬಂದ ಗುಣಮಟ್ಟ ನಿಯಂತ್ರಣ ಆದೇಶದಂತೆ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯ. ಕಿನ್ನಾಳದಂತಹ ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರರಿಗೆ ಹಾಗೂ ನೋಂದಾಯಿತ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ನೀಡಲಾಯಿತಾದರೂ ಫೋಮ್ ಕಾರ್ಖಾನೆಗೆ ಅದು ದೊರೆಯುವುದಿಲ್ಲ. ಪ್ಯಾಕಿಂಗ್ ಸಾಮಗ್ರಿಯಿಂದ ಆರಂಭಿಸುವುದು ಕ್ಷೇಮ. ಕುಷ್ಟಗಿ, ಯಲಬುರ್ಗಾಗಳ ದಾಳಿಂಬೆ ಬೆಳೆಗಾರರಿಗೆ ಬೇಕಾಗುವ ಶೀತಲ ಕೋಣೆಗಳ ಶಾಖನಿರೋಧಕ ಫಲಕಗಳು ಇನ್ನೊಂದು ಸಾಧ್ಯತೆ.

ಗೋದಾಮು ಮತ್ತು ಬಡ್ಡಿ

ನಾರು ಸಿದ್ಧಪಡಿಸುವ ಘಟಕದ ದುಡಿಯುವ ಬಂಡವಾಳವನ್ನೂ ಒಂದು ಉದಾಹರಣೆಯಿಂದ ನೋಡಬಹುದು. ತಿಂಗಳಿಗೆ 20 ಟನ್ ಒಣನಾರು ಮಾರುವ ಘಟಕವು ವರ್ಷದ 240 ಟನ್ನನ್ನು ಸುಗ್ಗಿಯ 3 ತಿಂಗಳಲ್ಲೇ ಕೊಂಡಿಡಬೇಕೆಂದಿರಲಿ. ಸುಗ್ಗಿಯ ಕೊನೆಗೆ ಗೋದಾಮಿನಲ್ಲಿ 180 ಟನ್ ನಿಲ್ಲುತ್ತದೆ. ವರ್ಷದ ಸರಾಸರಿ 90 ಟನ್. ಕಿಲೋಗೆ 25 ರೂಪಾಯಿಯಂತೆ ಸರಾಸರಿ ದಾಸ್ತಾನಿನ ಮೌಲ್ಯ 22.5 ಲಕ್ಷ ರೂಪಾಯಿ. ಶೇ. 11ರ ದರದಲ್ಲಿ ಬಡ್ಡಿ ಸುಮಾರು 2.48 ಲಕ್ಷ, ಅಂದರೆ ಮಾರುವ ಪ್ರತಿ ಕಿಲೋಗೆ ಒಂದು ರೂಪಾಯಿ ಚಿಲ್ಲರೆ. ಇದು ಹೊರಬಹುದಾದ ಭಾರ.

ಆದರೆ ಸೋರುವ ತಗಡಿನಿಂದಲೋ ನೆಲದ ತೇವದಿಂದಲೋ ವರ್ಷದ ಸರಕಿನಲ್ಲಿ ಶೇ. 10 ಕೆಟ್ಟರೆ ನಷ್ಟ 24 ಟನ್, ಅಂದರೆ 6 ಲಕ್ಷ ರೂಪಾಯಿ. ಇಡೀ ವರ್ಷದ ಬಡ್ಡಿಯ ಎರಡು ಪಟ್ಟಿಗೂ ಹೆಚ್ಚು. ಬಡ್ಡಿಯಲ್ಲಿ ಅರ್ಧ ಪ್ರತಿಶತ ಕಡಿಮೆ ಮಾಡಿಸಿಕೊಳ್ಳಲು ಬ್ಯಾಂಕಿಗೆ ಹತ್ತು ಸಲ ಅಲೆಯುವ ಉದ್ಯಮಿ, ಗೋದಾಮಿನ ನೆಲಕ್ಕೆ ಮರದ ಹಾಸು ಹಾಕಿಸಲು ಒಂದು ದಿನ ವ್ಯಯಿಸಿದರೆ ಹೆಚ್ಚಿನ ಲಾಭ ಕಾಣಬಹುದು. ಒಣ ನಾರು ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಬೆಂಕಿ ವಿಮೆ ಅನಿವಾರ್ಯ.

ಬಾಕಿ ವಸೂಲಿಯ ವಿಷಯದಲ್ಲಿ ಕಾನೂನಿನ ಆಸರೆ ಇದೆ. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ ಖರೀದಿದಾರನು ಒಪ್ಪಂದದ ಅವಧಿಯೊಳಗೆ, ಹೆಚ್ಚೆಂದರೆ 45 ದಿನಗಳಲ್ಲಿ ಹಣ ಸಲ್ಲಿಸಬೇಕೆಂದು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ ವಿಧಿಸುತ್ತದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2025ರ ಏಪ್ರಿಲ್ 1ರಿಂದ ಸೂಕ್ಷ್ಮ ಉದ್ಯಮದ ಹೂಡಿಕೆ ಮಿತಿ 2.5 ಕೋಟಿ ಮತ್ತು ವಹಿವಾಟು ಮಿತಿ 10 ಕೋಟಿ ರೂಪಾಯಿಗೆ ಏರಿರುವುದರಿಂದ ಇಂತಹ ಘಟಕ ಸಹಜವಾಗಿ ಈ ವರ್ಗದೊಳಗೇ ಬರುತ್ತದೆ.

ಹೆಸರಿಗೆ ತಕ್ಕ ಪುರಾವೆ

ಮೇಲಿನ ಮಾದರಿ ಪಾಕದಲ್ಲಿ ಅನಿಲವಾಗಿ ಹೋಗುವ ಸುಮಾರು 5 ಕಿಲೋ ಕಳೆದರೆ ಉಳಿಯುವ ಫೋಮ್ ಸುಮಾರು 176 ಕಿಲೋ. ಎಣ್ಣೆ ಮತ್ತು ನಾರು ಸೇರಿ ಸಸ್ಯಭಾಗ 110 ಕಿಲೋ, ಅಂದರೆ ಶೇ. 62ರಷ್ಟು. ಪಾಲಿಯಾಲಿನಲ್ಲಿ ಐದನೇ ಒಂದು ಪಾಲು ಮಾತ್ರ ಔಡಲವಾಗಿದ್ದರೆ ಈ ಪ್ರಮಾಣ ಶೇ. 20ರ ಆಸುಪಾಸಿಗೆ ಇಳಿಯುತ್ತದೆ. ಎರಡನ್ನೂ ಒಂದೇ 'ಸಸ್ಯಮೂಲ' ಎಂಬ ಹೆಸರಿನಲ್ಲಿ ಮಾರುವುದು ಗ್ರಾಹಕನಿಗೆ ಮಾಡುವ ಅನ್ಯಾಯ. ದಾರಿ ತಪ್ಪಿಸುವ ಪರಿಸರಸ್ನೇಹಿ ಹೇಳಿಕೆಗಳನ್ನು ತಡೆಯಲು ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದ್ದು, ಹೇಳಿಕೆಗೆ ಪುರಾವೆ ಇರಬೇಕು. ಇಂಗಾಲ-14ರ ಪರೀಕ್ಷೆಯಿಂದ ವಸ್ತುವಿನಲ್ಲಿ ಎಷ್ಟು ಇಂಗಾಲ ಸಸ್ಯದಿಂದ, ಎಷ್ಟು ಪೆಟ್ರೋಲಿಯಂನಿಂದ ಬಂದಿದೆಯೆಂದು ಅಳೆಯಬಹುದು. ಸಸ್ಯದ ಪಾಲಿದೆ ಎಂದ ಮಾತ್ರಕ್ಕೆ ಫೋಮ್ ಮಣ್ಣಿನಲ್ಲಿ ಕರಗಿಹೋಗುತ್ತದೆಂದೂ ಭಾವಿಸಬಾರದು. ಕರಗಿಸಿ ಮರು ಎರೆಯಲೂ ಬರುವುದಿಲ್ಲ.

ಗುಣಮಟ್ಟಕ್ಕೆ ಭಾರತೀಯ ಮಾನಕಗಳಿವೆ. ಮೆದು ಫೋಮಿನ ಪರೀಕ್ಷಾ ವಿಧಾನಗಳಿಗೆ ಐ.ಎಸ್. 7888, ಶಾಖನಿರೋಧಕ ಗಟ್ಟಿ ಫೋಮಿಗೆ ಐ.ಎಸ್. 12436 ಅನ್ವಯಿಸುತ್ತವೆ. ಪ್ಲಾಸ್ಟಿಕ್ ಮತ್ತು ಪಾಲಿಮರ್ ಕ್ಷೇತ್ರದ ತರಬೇತಿ, ಪರೀಕ್ಷೆಗೆ ಮೈಸೂರಿನ ಸಿಪೆಟ್ ಸಂಸ್ಥೆ ಇದೆ. ನಾರು ಮತ್ತು ಬೆಳೆಯ ವಿಷಯಕ್ಕೆ ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಕೈಗೆಟುಕುವ ದೂರದಲ್ಲಿವೆ.

ಆರೋಗ್ಯದ ಬೆಲೆ

ಕೊಪ್ಪಳದಲ್ಲಿ ಕಾರ್ಖಾನೆಗಳ ಮಾಲಿನ್ಯ ಸಾರ್ವಜನಿಕ ಪ್ರಶ್ನೆಯಾಗಿದೆ. ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರವರಿ 24ರಂದು ಪಟ್ಟಣವೇ ಬಂದ್ ಆಗಿತ್ತು. ಇಂತಹ ಊರಿನಲ್ಲಿ 'ಹಸಿರು' ಎಂಬ ಹೆಸರಿನೊಡನೆ ಬರುವ ಉದ್ಯಮದ ಮೇಲೆ ಹೊಣೆ ಇನ್ನೂ ಹೆಚ್ಚು. ಐಸೊಸಯನೇಟುಗಳ ಆವಿ ಮತ್ತು ತುಂತುರು ಉಸಿರಾಟದ ಅಲರ್ಜಿಯನ್ನೂ ಉಬ್ಬಸವನ್ನೂ ತರಬಲ್ಲವು. ಒಮ್ಮೆ ಅಲರ್ಜಿ ಅಂಟಿದ ಕೆಲಸಗಾರನಿಗೆ ಮುಂದೆ ಅತ್ಯಲ್ಪ ಪ್ರಮಾಣವೂ ಅಪಾಯಕಾರಿ. ಭೋಪಾಲದ ದುರಂತಕ್ಕೆ ಕಾರಣವಾದ ಮೀಥೈಲ್ ಐಸೊಸಯನೇಟ್ ಬೇಗ ಆವಿಯಾಗುವ ಬೇರೆಯೇ ವಸ್ತು, ಎಂ.ಡಿ.ಐ. ಅಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಹಾಗೆಂದು ಗಾಳಿಯಾಡದ ಶೆಡ್ಡಿನಲ್ಲಿ ಬರಿಗೈಯಲ್ಲಿ ಬೆರೆಸುವಂತಿಲ್ಲ. ಉರಿದಾಗ ಈ ಫೋಮ್ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಸಯನೈಡ್ ಅನಿಲಗಳನ್ನು ಹೊರಸೂಸುತ್ತದೆ. ನಾರು ಸೇರಿಸಿದರೆ ಆ ಅಪಾಯ ತಪ್ಪುವುದಿಲ್ಲ. ಗಾಳಿ ಹೊರಹಾಕುವ ವ್ಯವಸ್ಥೆ, ಮುಖಕವಚ, ಆರೋಗ್ಯ ತಪಾಸಣೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇವುಗಳ ವೆಚ್ಚವನ್ನು ಯೋಜನಾ ವೆಚ್ಚದಲ್ಲಿ ಮೊದಲೇ ಸೇರಿಸಬೇಕು. ನಾರು ಒಣಗಿಸುವ ಘಟಕದಲ್ಲಿ ಐಸೊಸಯನೇಟಿನ ಅಪಾಯವಿಲ್ಲ. ಧೂಳು ಮತ್ತು ಬೆಂಕಿಯ ನಿಯಂತ್ರಣ ಮಾತ್ರ ಬೇಕು.

ಮೊದಲ ಹೆಜ್ಜೆ ಯಾವುದು?

ಎಲ್ಲ ಲೆಕ್ಕಗಳನ್ನೂ ಕೂಡಿಸಿದಾಗ ಕ್ರಮ ತಾನಾಗಿಯೇ ರೂಪುಗೊಳ್ಳುತ್ತದೆ. ಮೊದಲನೆಯದು, ಗಿರಣಿಯ ಪಕ್ಕದಲ್ಲಿ ಒಣಗಿಸಿ, ಕತ್ತರಿಸಿ, ಜರಡಿ ಹಿಡಿದು, ತೇವಾಂಶದ ಪ್ರಮಾಣವನ್ನು ಚೀಲದ ಮೇಲೆ ನಮೂದಿಸಿ ಮಾರುವ ನಾರಿನ ಘಟಕ. ಇದಕ್ಕೆ ಫೋಮ್ ತಯಾರಕರಲ್ಲದೆ ಹಲಗೆ, ಕಾಗದ, ಪ್ಲಾಸ್ಟಿಕ್ ಮಿಶ್ರಣಗಳ ತಯಾರಕರೂ ಗ್ರಾಹಕರಾಗಬಹುದು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ. ಎರಡನೆಯದು, ಸಮೀಪದ ಖರೀದಿದಾರನಿಂದ ಲಿಖಿತ ಬೇಡಿಕೆ ದೊರೆತ ನಂತರ, ಸಿದ್ಧ ಪಾಲಿಯಾಲ್ ತರಿಸಿ ಅಚ್ಚಿನಲ್ಲಿ ಸಣ್ಣ ಭಾಗಗಳನ್ನು ಎರೆಯುವ ಘಟಕ. ಎಣ್ಣೆಯಿಂದ ಪಾಲಿಯಾಲ್ ತಯಾರಿಸುವುದು ಮತ್ತು ಹಾಸಿಗೆಯ ದಿಮ್ಮಿ ಉಬ್ಬಿಸುವುದು ಕೊನೆಯ ಮಾತು. ಸದ್ಯಕ್ಕೆ ಜಿಲ್ಲೆಯ ಸಣ್ಣ ಬಂಡವಾಳ ಹೊರಬಹುದಾದ ಹೊರೆ ಅದಲ್ಲ.

2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಿದೆ. ಸಂಪರ್ಕ ಸುಧಾರಿಸಿದಂತೆ ಹೊರಗಿನ ತಯಾರಿಕೆ ಒಳಬರುವುದೂ ಸುಲಭ, ಒಳಗಿನ ಸರಕು ಹೊರಹೋಗುವುದೂ ಸುಲಭ. ಹೊರಹೋಗುವ ಸರಕು ಅಳತೆ ಮಾಡಿದ, ಭರವಸೆಯಿಡಬಹುದಾದ ಒಣ ನಾರಾಗಿದ್ದರೆ ಅದರ ಬೆಲೆಯಲ್ಲಿ ರೈತ, ಗಿರಣಿ ಮಾಲೀಕ, ಕೂಲಿಗಾರ ಎಲ್ಲರಿಗೂ ಪಾಲಿರುತ್ತದೆ. ಹೊಲವನ್ನು ಅಡವಿಡುವ ಮುನ್ನ ಉದ್ಯಮಿಯು ಕೊಳ್ಳಬೇಕಾದ ಮೊದಲ ಯಂತ್ರ ಫೋಮ್ ಉಬ್ಬಿಸುವ ಯಂತ್ರವಲ್ಲ. ಕೆಲವು ಸಾವಿರ ರೂಪಾಯಿಯ ತೇವಾಂಶ ಮಾಪಕವೊಂದನ್ನು ಕೊಂಡು, ಒಂದು ಬೇಸಗೆ ಮತ್ತು ಒಂದು ಮಳೆಗಾಲ ಪೂರ್ತಿ ನಾರಿನ ತೇವವನ್ನು ಪುಸ್ತಕದಲ್ಲಿ ಬರೆದಿಟ್ಟರೆ, ಆ ಪುಸ್ತಕವೇ ಬ್ಯಾಂಕಿಗೆ ಸಲ್ಲಿಸಬಹುದಾದ ಅತ್ಯಂತ ನಂಬಲರ್ಹ ಯೋಜನಾ ವರದಿಯಾಗುತ್ತದೆ.